ಎಣ್ಣೆಗೆ ಅದ್ದಿದ ಚಾಕು ಬಿದ್ದು ಮುರಿದದ್ದೇಕೆ?

ಪ್ರಶ್ನೆ: ಲಾರಿಯ ಹಳೆಯ ಸ್ಪ್ರಿಂಗ್ ಪಟ್ಟಿಯಿಂದ ಅಡುಗೆಮನೆಗೊಂದು ಚಾಕು ಮಾಡಿದೆ. ಆಯಸ್ಕಾಂತ ಹಿಡಿಯದಷ್ಟು ಕಾಯಿಸಿ ಎಣ್ಣೆಗೆ ಅದ್ದಿದೆ. ಅರ ಹಾಕಿದರೆ ಜಾರುತ್ತಿತ್ತು, ಅಷ್ಟು ಗಡಸಾಗಿತ್ತು. ಮರುದಿನ ಕೈತಪ್ಪಿ ಬಿದ್ದದ್ದೇ ಎರಡು ತುಂಡು! ಇನ್ನೊಂದು ಅಲಗು ಅದ್ದಲು ಸಿದ್ಧವಿದೆ. ಅದನ್ನು ಮನೆಯ ಓಟಿಜಿಯಲ್ಲಿ (ಪುಟ್ಟ ವಿದ್ಯುತ್ ಓವನ್) ಹದ ಮಾಡಬಹುದೇ, ಅಂದರೆ ಅದ್ದಿದ ಮೇಲೆ ಮತ್ತೆ ಸ್ವಲ್ಪ ಕಾಯಿಸಿ ಬಿರುಸು ತಗ್ಗಿಸಬಹುದೇ? ನೀಲಿ ಬಣ್ಣ ಬರುವವರೆಗೆ ಕಾಯಿಸಬೇಕಂತೆ, ಹೌದೇ?

ಉತ್ತರ: ಆ ತುಂಡುಗಳನ್ನು ಎಸೆಯಬೇಡಿ. ಮುರಿದ ಮುಖವನ್ನು ಬಿಸಿಲಿಗೆ ಹಿಡಿದು ನೋಡಿ. ಬೂದು ಬಣ್ಣದಲ್ಲಿ ನುಣ್ಣಗಿದ್ದರೆ ಕಾಯಿಸಿದ್ದು ಸರಿಯಾಗಿದೆ, ಹದ ಮಾಡದೆ ಬಿಟ್ಟದ್ದೇ ತಪ್ಪು. ಸಕ್ಕರೆ ಹರಳಿನಂತೆ ಮಿನುಗಿದರೆ ಬೆಂಕಿ ಅತಿಯಾಗಿದೆ. ಅದನ್ನು ಯಾವ ಓವನ್ನೂ ಸರಿಪಡಿಸದು. ಒಂದು ಮೂಲೆ ಮಾತ್ರ ಕಪ್ಪಗಿದ್ದರೆ ಅಲ್ಲಿ ಮೊದಲೇ ಬಿರುಕಿತ್ತು. ವರ್ಷಗಟ್ಟಲೆ ಭಾರ ಹೊತ್ತ ಪಟ್ಟಿಗಳಲ್ಲಿ ಇದು ಮಾಮೂಲು.

ಹರಳು ಕಂಡಿದ್ದರೆ ಹೊಸ ಅಲಗನ್ನು ಅದ್ದುವ ಮೊದಲು ಮೂರು ಸಲ ಕೆಂಪಗೆ ಕಾಯಿಸಿ, ಪ್ರತಿ ಸಲವೂ ಗಾಳಿಯಲ್ಲೇ ತಣಿಯಲು ಬಿಡಿ. ಆಯಸ್ಕಾಂತ ಬಿಡುವುದು ಸುಮಾರು 770 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಸ್ಪ್ರಿಂಗ್ ಉಕ್ಕಿಗೆ 830ರ ಆಸುಪಾಸು ಬೇಕು. ಅಂದರೆ ಇನ್ನೊಂದು ಛಾಯೆ ಕೆಂಪೇರಿದರೆ ಸಾಕು.

ಎಣ್ಣೆಯಿಂದ ತೆಗೆದ ಉಕ್ಕು ಒಳಗೆಲ್ಲ ಬಿಗಿದುಕೊಂಡಿರುತ್ತದೆ. ನಾಳೆಗೆ ಇಡಬೇಡಿ, ಕೈಯಲ್ಲಿ ಹಿಡಿಯುವಷ್ಟು ತಣಿದ ಕೂಡಲೇ ಓಟಿಜಿಗೆ ಹಾಕಿ. ಅದಕ್ಕೂ ಮೊದಲು ಎಣ್ಣೆಯನ್ನು ಸೋಪಿನಿಂದ ತೊಳೆದು ಒರೆಸಿ. ಇಲ್ಲವಾದರೆ ಹೊಗೆಗೆ ಮನೆಯವರು ಓಟಿಜಿಯ ಜೊತೆ ನಿಮ್ಮನ್ನೂ ಹೊರಗೆ ಹಾಕಿಯಾರು. 200 ಡಿಗ್ರಿಯಲ್ಲಿ ಎರಡು ಗಂಟೆ ಇಟ್ಟು, ಪೂರ್ತಿ ತಣಿಸಿ, ಮತ್ತೆ ಎರಡು ಗಂಟೆ ಇಡಿ. ಮೊದಲ ಸುತ್ತಿನ ಬಳಿಕ ತಣಿಯುವಾಗ ಒಳಗೆ ಹೊಸದಾಗಿ ಗಡಸಾಗುವ ಅಂಶವೇನಾದರೂ ಇದ್ದರೆ ಎರಡನೇ ಸುತ್ತಿನಲ್ಲಿ ಅದೂ ಹದಕ್ಕೆ ಬರುತ್ತದೆ. ಓಟಿಜಿಯ ಗುಂಡಿಯನ್ನು ನಾನಂತೂ ನಂಬುವುದಿಲ್ಲ. ಒಳಗೊಂದು ಓವನ್ ಥರ್ಮಾಮೀಟರ್ ಇಡಿ, ಅಲಗನ್ನು ಮರಳು ತುಂಬಿದ ತಟ್ಟೆಯಲ್ಲಿ ಹೂತಿಡಿ. ಕಾಯುವ ಕಂಬಿಯ ಎದುರು ಬರಿದೇ ಇಟ್ಟರೆ ತೆಳುವಾದ ಬಾಯಿಯೇ ಮೊದಲು ಮೆತ್ತಗಾಗುತ್ತದೆ.

ನೀಲಿ ಬಣ್ಣ ಬರುವುದು 300 ಡಿಗ್ರಿ ಸುಮಾರಿಗೆ. ಅದು ಸ್ಪ್ರಿಂಗಿನ ಹದ, ಚಾಕುವಿನದಲ್ಲ. ಒಣಹುಲ್ಲಿನ ತಿಳಿ ಹಳದಿಗೇ ನಿಲ್ಲಿಸಿ. ಕಪ್ಪು ಪದರ ಉಜ್ಜಿ ಹೊಳಪು ಮಾಡಿದ ಜಾಗದಲ್ಲಿ ಮಾತ್ರ ಈ ಬಣ್ಣ ಕಾಣುತ್ತದೆ. ಬಾಯಿ ನೀಲಿಯಾದರೆ ಮತ್ತೆ ಕುಲುಮೆಯಿಂದಲೇ ಶುರು.

ಸಾಣೆ ಹಿಡಿದ ಮೇಲೆ ಬಾಯಿಯನ್ನು ಹಿತ್ತಾಳೆ ಸರಳಿಗೆ ಓರೆಯಾಗಿ ಒತ್ತಿ. ಬಾಗಿ ಮರಳಿದರೆ ಹದ ಸರಿ. ಚಕ್ಕೆ ಎದ್ದರೆ 15 ಡಿಗ್ರಿ ಏರಿಸಿ ಇನ್ನೊಂದು ಗಂಟೆ ಇಡಿ. ಬಾಗಿದ್ದು ಹಾಗೇ ಉಳಿದರೆ ಮೆತ್ತಗಾಗಿದೆ, ಮತ್ತೆ ಕಾಯಿಸಿ ಎಣ್ಣೆಗೆ ಅದ್ದಬೇಕು.