ಘಾಟಿನಲ್ಲಿ ಗೇರು ಯಾರ ಕೈಯಲ್ಲಿರಬೇಕು?

ಪ್ರಶ್ನೆ: ನಮ್ಮ ಕಾಕಾ ಅವರು ಈಚೆಗೆ ಬಳಸಿದ ಪೋರ್ಷೆ 911 ಕರೆರಾ ಕಾರನ್ನು ಕೊಂಡಿದ್ದಾರೆ. 992 ಸರಣಿಯದು, ಎಂಟು ಗೇರುಗಳ, ಪಿಡಿಕೆ ಎಂಬ ಆಟೊಮ್ಯಾಟಿಕ್ ಗೇರ್‌ಬಾಕ್ಸ್ ಇದೆ. ರವಿವಾರ ನಾವಿಬ್ಬರೂ ಜಾಂಬೋಟಿ, ಕಣಕುಂಬಿ ಮಾರ್ಗವಾಗಿ ಚೋರ್ಲಾ ಘಾಟಿಗೆ ಹೋಗುವುದುಂಟು. ಆಟೊಮ್ಯಾಟಿಕ್‌ನಲ್ಲೇ ಓಡಿಸುವುದಾದರೆ ಇಂಥ ಕಾರು ಏಕೆ ಬೇಕು ಎನ್ನುವ ಕಾಕಾ, ಊರೊಳಗೂ ಮ್ಯಾನುಯಲ್ ಮೋಡ್‌ನಲ್ಲಿಟ್ಟು ಸ್ಟಿಯರಿಂಗ್ ಹಿಂದಿನ ಪ್ಯಾಡಲ್‌ಗಳಿಂದಲೇ ಗೇರು ಬದಲಿಸುತ್ತಾರೆ. ಕಂಪ್ಯೂಟರಿನಷ್ಟು ಚುರುಕಾಗಿ ಮನುಷ್ಯನ ಕೈ ಓಡದು ಎಂಬುದು ನನ್ನ ವಾದ. ಯಾರದು ಸರಿ? ಹೀಗೆ ಪದೇ ಪದೇ ಕೈಯಿಂದ ಬದಲಿಸುವುದರಿಂದ ಗೇರ್‌ಬಾಕ್ಸ್ ಕೆಡುವುದೇ?
– ಓದುಗರು, ಟಿಳಕವಾಡಿ, ಬೆಳಗಾವಿ

ಉತ್ತರ: ಮೊದಲು ವೇಗದ ವಿಷಯವನ್ನು ಮುಗಿಸೋಣ. ಪ್ಯಾಡಲ್ ಒತ್ತಿದರೂ, ಕಾರು ತಾನೇ ಗೇರು ಬದಲಿಸುವ ಡಿ (ಡ್ರೈವ್) ಸ್ಥಾನದಲ್ಲೇ ಬಿಟ್ಟರೂ ಗೇರನ್ನು ಬದಲಿಸುವ ಯಂತ್ರ ಒಂದೇ. ಆಜ್ಞೆ ಕೊಡುವವರು ಮಾತ್ರ ಬೇರೆ. ಪಿಡಿಕೆಯಲ್ಲಿ ಎರಡು ಕ್ಲಚ್‌ಗಳಿದ್ದು, ಬೆಸ ಸಂಖ್ಯೆಯ ಗೇರುಗಳನ್ನು ಒಂದು, ಸಮ ಸಂಖ್ಯೆಯವನ್ನು ಇನ್ನೊಂದು ನೋಡಿಕೊಳ್ಳುತ್ತದೆ. ಹಂಚಿನ ಮೇಲೆ ಒಂದು ರೊಟ್ಟಿ ಬೇಯುತ್ತಿರುವಾಗಲೇ ಮುಂದಿನದನ್ನು ಬಡಿದಿಡುವಂತೆ, ಕಾರು ಮೂರರಲ್ಲಿ ಓಡುತ್ತಿರುವಾಗಲೇ ನಾಲ್ಕು ಅಥವಾ ಎರಡನೆಯ ಗೇರು ಸಿದ್ಧವಾಗಿರುತ್ತದೆ. ಉಳಿಯುವುದು ಒಂದು ಕ್ಲಚ್ ಬಿಟ್ಟು ಇನ್ನೊಂದನ್ನು ಹಿಡಿಯುವ ಕೆಲಸವಷ್ಟೆ. ಕಂಪ್ಯೂಟರು ಮೇಲಿನ ಗೇರನ್ನು ಸಿದ್ಧಪಡಿಸಿಕೊಂಡಿದ್ದಾಗ ನೀವು ಕೆಳಗಿನದನ್ನು ಕೇಳಿದರೆ ಸ್ವಲ್ಪ ತಡವಾದೀತು, ಅಷ್ಟೇ. ಈ ಗೇರ್‌ಬಾಕ್ಸನ್ನು ಪೋರ್ಷೆ 1980ರ ದಶಕದಲ್ಲಿ ತನ್ನ 956 ಮತ್ತು 962 ರೇಸ್ ಕಾರುಗಳಲ್ಲಿ ಪಳಗಿಸಿ, 2008ರಲ್ಲಿ ಮಾರಾಟದ 911ಕ್ಕೆ ತಂದಿತು. ಆದ್ದರಿಂದ ಆಟೊಮ್ಯಾಟಿಕ್ ಎಂದರೆ ಓಡಿಸಲು ಬಾರದವರ ಅನುಕೂಲ ಎಂಬ ಕಾಕಾ ಅವರ ಭಾವನೆ ಈ ಕಾರಿಗೆ ಹೊಂದುವುದಿಲ್ಲ.

ಹಾಗೆಂದು ಮ್ಯಾನುಯಲ್ ಮೋಡ್ ಬರೀ ಶೋಕಿಯೂ ಅಲ್ಲ. ಕಂಪ್ಯೂಟರು ವೇಗವನ್ನು, ಎಂಜಿನ್ನಿನ ಸುತ್ತುಗಳನ್ನು, ಆಕ್ಸಿಲರೇಟರ್ ಮತ್ತು ಬ್ರೇಕಿನ ಮೇಲಿನ ನಿಮ್ಮ ಕಾಲನ್ನು ಅಳೆಯುತ್ತದೆ. ತಿರುವಿನಾಚೆ ಏನಿದೆ ಎಂಬುದು ಕಾಣುವುದು ನಿಮ್ಮ ಕಣ್ಣಿಗೆ. ಚೋರ್ಲಾದಲ್ಲಿ ಒಂದು ತಿರುವು ಮುಗಿದು ರಸ್ತೆ ತುಸು ನೇರವಾಯಿತೆಂದು ನೀವು ಕಾಲು ಸಡಿಲಿಸಿದರೆ, ಡಿ ಸ್ಥಾನದಲ್ಲಿರುವ ಕಾರು ಇಂಧನ ಉಳಿಸಲೆಂದು ಮೇಲಿನ ಗೇರಿಗೆ ಹೋಗಬಹುದು. ಅಷ್ಟರಲ್ಲಿ ಮುಂದಿನ ತಿರುವು ಬಂದು, ಅದರ ನಡುವೆ ನೀವು ಶಕ್ತಿ ಕೇಳಿದಾಗ ಗೇರು ಇಳಿದು ಕಾರು ಜಗ್ಗುತ್ತದೆ. ಎರಡು ತಿರುವುಗಳ ನಡುವೆಯೂ ಮೂರನೆಯ ಗೇರನ್ನು ಬಿಡದೆ ಹಿಡಿದುಕೊಳ್ಳುವುದೇ ಮ್ಯಾನುಯಲ್ ಮೋಡಿನ ನಿಜವಾದ ಉಪಯೋಗ. ಅದು ಇರುವುದು ವೇಗಕ್ಕಲ್ಲ, ಹಿಡಿತಕ್ಕೆ.

ಈ ಉಪಯೋಗ ಏರುವಾಗಿಗಿಂತ ಇಳಿಯುವಾಗ ಹೆಚ್ಚು. ಗೋವೆಯ ಕಡೆ ಕೇರಿ ಗ್ರಾಮದತ್ತ ಇಳಿಯುವಾಗ ಎರಡು ಅಥವಾ ಮೂರನೆಯ ಗೇರಿನಲ್ಲಿಟ್ಟರೆ ಎಂಜಿನ್ನೇ ಕಾರನ್ನು ತಡೆದು ಹಿಡಿಯುತ್ತದೆ, ಬ್ರೇಕುಗಳು ಬಿಸಿಯಾಗುವುದಿಲ್ಲ. ಬ್ರೇಕ್ ಹಾಕುವುದು, ಗೇರು ಇಳಿಸುವುದು ಎರಡೂ ಸ್ಟಿಯರಿಂಗ್ ತಿರುಗಿಸುವ ಮೊದಲೇ ಮುಗಿಯಬೇಕು. ತಿರುವಿನ ನಡುವೆ ಗೇರು ಇಳಿಸುವ ಚಟ ಕಾಕಾ ಅವರಿಗಿದ್ದರೆ ಅದನ್ನು ಬಿಡಿಸಿ: ನಿಮ್ಮದು ಹಿಂಬದಿ ಎಂಜಿನ್ನಿನ, ಹಿಂದಿನ ಚಕ್ರಗಳಿಂದ ಓಡುವ ಕಾರು, ಎಂಜಿನ್ನಿನ ತಡೆ ಹಠಾತ್ತನೆ ಹಿಂದಿನ ಟೈರುಗಳ ಮೇಲೆ ಬಿದ್ದರೆ ಅವು ಹಿಡಿತ ಕಳೆದುಕೊಂಡು ಕಾರಿನ ಹಿಂಭಾಗ ಹೊರಕ್ಕೆ ಜಾರಬಹುದು. ಕಣಕುಂಬಿಯ ಮಳೆಗಾಲವನ್ನು ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. 992ರಲ್ಲಿ ಮುಂಚಕ್ರಗಳ ಬಳಿ ಸಿಡಿಯುವ ನೀರಿನ ಸದ್ದನ್ನು ಗ್ರಹಿಸುವ ಸೆನ್ಸರ್‌ಗಳಿದ್ದು, ರಸ್ತೆ ತೀರಾ ಒದ್ದೆಯಾಗಿದೆ ಎಂದು ಅವು ಎಚ್ಚರಿಸಿದಾಗ ವೆಟ್ ಮೋಡ್ ಆರಿಸಿಕೊಂಡು, ಗೇರನ್ನು ಕಂಪ್ಯೂಟರಿಗೆ ಬಿಡುವುದೇ ಜಾಣತನ.

ಊರೊಳಗೆ ಮಾತ್ರ ನಾನು ನಿಮ್ಮ ಪಕ್ಷ. ಈ ಎಂಜಿನ್ 450 ನ್ಯೂಟನ್ ಮೀಟರ್ ತಿರುಗುಬಲವನ್ನು ನಿಮಿಷಕ್ಕೆ 1,950 ಸುತ್ತುಗಳಿಂದಲೇ ಕೊಡತೊಡಗಿ 5,000ದವರೆಗೂ ಕೊಡುತ್ತದೆ. ಖಾನಾಪುರ ರಸ್ತೆಯ ಸಿಗ್ನಲ್‌ಗಳ ನಡುವೆ ಎರಡನೆಯ ಗೇರನ್ನು ಒದರಿಸುತ್ತ ಹೋಗುವುದರಿಂದ ಸದ್ದು ಹೆಚ್ಚೀತು, ಪೆಟ್ರೋಲು ಸುಟ್ಟೀತು, ಬೇರೇನೂ ಸಿಗದು. ಧಾರವಾಡದ ಕಡೆಯ ಹೆದ್ದಾರಿಯಲ್ಲೂ ಅಷ್ಟೇ: ವಿಭಜಕವಿರುವ ಚತುಷ್ಪಥದಲ್ಲಿ ಕಾರುಗಳಿಗೆ ಕೇಂದ್ರ ಸರ್ಕಾರ 2018ರಲ್ಲಿ ನಿಗದಿಪಡಿಸಿದ ಗರಿಷ್ಠ ಮಿತಿ ಗಂಟೆಗೆ 100 ಕಿಲೋಮೀಟರ್, ಈ ಕಾರು ಮೂರನೆಯ ಗೇರಿನಲ್ಲೇ ಅದನ್ನು ಸಲೀಸಾಗಿ ದಾಟಬಲ್ಲದು. ಏಳು ಮತ್ತು ಎಂಟನೆಯ ಗೇರುಗಳಿರುವುದು ನೆಮ್ಮದಿಯ ದೂರ ಪ್ರಯಾಣಕ್ಕೆ. ಕಾರಿನ ಪರಮಾವಧಿ ವೇಗ ಸಿಗುವುದು ಆರರಲ್ಲೇ.

ನಿಮ್ಮಿಬ್ಬರ ಜಗಳಕ್ಕೆ ನಡುವಿನ ದಾರಿಯೂ ಇದೆ. ಡಿ ಸ್ಥಾನದಲ್ಲಿರುವಾಗಲೇ ಪ್ಯಾಡಲ್ ಒತ್ತಿದರೆ ಆ ಗೇರು ತಾತ್ಕಾಲಿಕವಾಗಿ ನಿಮ್ಮದಾಗುತ್ತದೆ, ಸ್ವಲ್ಪ ಹೊತ್ತಿನ ಬಳಿಕ ಕಂಪ್ಯೂಟರು ಮತ್ತೆ ಹೊಣೆ ಹೊರುತ್ತದೆ. ಲಾರಿಯೊಂದನ್ನು ಹಿಂದೆ ಹಾಕುವ ಮೊದಲು ಗೇರು ಇಳಿಸುವ ಎಡಗಡೆಯ ಪ್ಯಾಡಲನ್ನು ಎರಡು ಬಾರಿ ಒತ್ತಿಟ್ಟುಕೊಂಡರೆ ಆಕ್ಸಿಲರೇಟರ್ ತುಳಿದ ಕ್ಷಣವೇ ಕಾರು ಮುನ್ನುಗ್ಗುತ್ತದೆ. ನೆಲಕ್ಕೆ ಒತ್ತಿ ಗೇರು ಇಳಿಯಲೆಂದು ಕಾಯುವುದು ತಪ್ಪುತ್ತದೆ. ಸ್ಪೋರ್ಟ್ ಮೋಡ್‌ನಲ್ಲಿ ಆಟೊಮ್ಯಾಟಿಕ್ ತಾನೇ ಕೆಳಗಿನ ಗೇರುಗಳನ್ನು ಹೆಚ್ಚು ಹೊತ್ತು ಹಿಡಿದು, ಬ್ರೇಕ್ ಹಾಕಿದಾಗ ಬೇಗ ಇಳಿಸುತ್ತದೆ. ಘಾಟು ಏರುವಾಗ ನನಗಂತೂ ಇದೇ ಮೆಚ್ಚು, ಇಳಿಯುವಾಗಷ್ಟೇ ಮ್ಯಾನುಯಲ್.

ಗೇರ್‌ಬಾಕ್ಸ್ ಕೆಡುವ ಭಯ ಬೇಡ. ಎಂಜಿನ್ ಮಿತಿಮೀರಿ ತಿರುಗುವಂಥ ಗೇರನ್ನು ಕೇಳಿದರೆ ಕಂಪ್ಯೂಟರು ನಿರಾಕರಿಸುತ್ತದೆ. ಗೇರ್ ಲಿವರ್ ಇರುವ ಹಳೆಯ ಮಾದರಿಯಲ್ಲಿ ನಾಲ್ಕರ ಬದಲು ಎರಡಕ್ಕೆ ಎಳೆದು ಎಂಜಿನ್ ಮುರಿದುಕೊಳ್ಳುವ ಅಪಾಯವಿತ್ತು, ಇಲ್ಲಿ ಅದಿಲ್ಲ. ಕ್ಲಚ್ ಸವೆಯುವುದು ಬೇರೆ ಕಾರಣಗಳಿಂದ: ಏರಿನಲ್ಲಿ ಬ್ರೇಕ್ ಬಿಟ್ಟು ಆಕ್ಸಿಲರೇಟರ್‌ನಿಂದಲೇ ಕಾರನ್ನು ನಿಲ್ಲಿಸಿಕೊಳ್ಳುವುದು, ವಾಹನ ದಟ್ಟಣೆಯಲ್ಲಿ ಅಂಗುಲ ಅಂಗುಲವಾಗಿ ತೆವಳುವುದು, ನಿಂತಲ್ಲಿಂದ ಕಾರನ್ನು ಪೂರ್ತಿ ಶಕ್ತಿಯಲ್ಲಿ ಹಾರಿಸುವ ಲಾಂಚ್ ಕಂಟ್ರೋಲನ್ನು ಗೆಳೆಯರೆದುರು ಮತ್ತೆ ಮತ್ತೆ ತೋರಿಸುವುದು. ಮುಂದೆ ಒಂದಷ್ಟು ಜಾಗ ತೆರವಾದ ಮೇಲೆ ಒಮ್ಮೆಲೇ ಚಲಿಸಿ ಪೂರ್ತಿ ನಿಲ್ಲಿಸುವುದು ಲೇಸು. ಬೆಳಗಿನ ಹೊತ್ತು ಎಂಜಿನ್ ಆಯಿಲ್ ಬಿಸಿಯಾಗುವವರೆಗೆ ಹೆಚ್ಚಿನ ಸುತ್ತುಗಳಿಗೆ ಹೋಗಬೇಡಿ. ಆ ಹೊತ್ತಿಗೆ ಡಿ ಸ್ಥಾನವೇ ಸರಿ.

ಪ್ರಶ್ನೆ: ನಮ್ಮದು ಸಾಧಾರಣ ಆಟೊಮ್ಯಾಟಿಕ್ ಕಾರು. ವಂಟಮುರಿ ಘಾಟು ಇಳಿಯುವಾಗ ನ್ಯೂಟ್ರಲ್‌ಗೆ ಹಾಕಿದರೆ ಪೆಟ್ರೋಲು ಉಳಿಯುತ್ತದೆಯೇ?
– ಓದುಗರು, ಸಂಕೇಶ್ವರ

ಉತ್ತರ: ಉಳಿಯುವುದಿಲ್ಲ, ಖರ್ಚಾಗುತ್ತದೆ. ಗೇರಿನಲ್ಲಿದ್ದು ಆಕ್ಸಿಲರೇಟರ್‌ನಿಂದ ಕಾಲು ತೆಗೆದಾಗ ಈಗಿನ ಎಂಜಿನ್‌ಗಳು ಇಂಧನದ ಪೂರೈಕೆಯನ್ನೇ ನಿಲ್ಲಿಸುತ್ತವೆ, ಏಕೆಂದರೆ ಉರುಳುವ ಚಕ್ರಗಳೇ ಎಂಜಿನ್ನನ್ನು ತಿರುಗಿಸುತ್ತಿರುತ್ತವೆ. ನ್ಯೂಟ್ರಲ್‌ನಲ್ಲಿ ಆ ಸಂಪರ್ಕ ಕಡಿದು, ಎಂಜಿನ್ ಆರದಂತಿರಲು ಪೆಟ್ರೋಲು ಸುಡಲೇಬೇಕಾಗುತ್ತದೆ; ಇಳಿಜಾರಿನ ಭಾರವೆಲ್ಲ ಬ್ರೇಕಿನ ಮೇಲೆ ಬೀಳುವುದು ಬೇರೆ. ನಿಮ್ಮ ಕಾರಿನಲ್ಲಿ ಎಂ (ಮ್ಯಾನುಯಲ್) ಅಥವಾ ಎಲ್ (ಲೋ, ಅಂದರೆ ಕೆಳಗಿನ ಗೇರು) ಸ್ಥಾನವಿದ್ದರೆ ಘಾಟಿನ ನೆತ್ತಿಯಲ್ಲೇ ಅದಕ್ಕೆ ಬದಲಿಸಿ, ಕೆಳಗೆ ಸಮತಟ್ಟಾದ ರಸ್ತೆ ಸಿಕ್ಕ ಮೇಲೆ ಡಿಗೆ ಮರಳಿ.