ಹಳೆ ಮಾರುತಿ 800: ಕ್ಲಚ್ ಪ್ಲೇಟ್ ಒಂದೇ ಬದಲಿಸಿದರೆ ಸಾಕಾ, ಇಡೀ ಸೆಟ್ ಹಾಕಿಸಬೇಕಾ?

1998ರ ಗಾಡಿ, ಏರಿನಲ್ಲಿ ಎಂಜಿನ್ ಸದ್ದು ಏರುತ್ತೆ, ಸ್ಪೀಡ್ ಏರಲ್ಲ ಅಂದಿದ್ದೀರಿ. ನಮ್ಮ ಮನೆಯದೂ ಅದೇ ಕಾಲದ್ದು. ಕಾರ್ಬ್ಯುರೇಟರ್ ಇರುವ, ನಾಲ್ಕು ಗೇರಿನ 800. ಅಪ್ಪ ತಗೊಂಡಿದ್ದು, ಆಮೇಲೆ ನನ್ನ ಕೈಗೆ ಬಂತು. ಉಜಿರೆ ಕಡೆಯಿಂದ ಚಾರ್ಮಾಡಿ ಘಾಟಿ ಹತ್ತುವಾಗ ಒಂದು ತಿರುವು ದಾಟಿ ಎರಡನೇ ಗೇರಿನಲ್ಲಿ ಆಕ್ಸಿಲರೇಟರ್ ಒತ್ತಿದೆ. ಎಂಜಿನ್ ಕಿರುಚಿತು, ಗಾಡಿ ತೆವಳಿತು. ಕೊಟ್ಟಿಗೆಹಾರ ಮುಟ್ಟುವ ಹೊತ್ತಿಗೆ ಒಳಗೆಲ್ಲ ಸುಟ್ಟ ವಾಸನೆ.

ನಾನೂ ಆಗ ಪ್ಲೇಟಾ ಸೆಟ್ಟಾ ಅಂತ ತುಂಬಾ ತಲೆ ಕೆಡಿಸಿಕೊಂಡಿದ್ದೆ. ಕೊನೆಗೆ ಸೆಟ್ಟೇ ಇರಲಿ ಅಂತ ಬೆಂಗಳೂರಿನ ಜೆ.ಸಿ. ರೋಡಿನಿಂದ ಪ್ಲೇಟ್, ಅದನ್ನು ಒತ್ತಿ ಹಿಡಿಯುವ ಪ್ರೆಶರ್ ಪ್ಲೇಟ್, ಪೆಡಲ್ ತುಳಿದಾಗ ಆ ಹಿಡಿತ ಬಿಡಿಸುವ ರಿಲೀಸ್ ಬೇರಿಂಗ್ ಮೂರೂ ಹೊಸದು ತರಿಸಿದೆ. ಮಾಲು ಒಳ್ಳೆಯದೇ. ಆದರೂ ಮಳೆಗಾಲ ಮುಗಿಯುವ ಹೊತ್ತಿಗೆ ಹೊಸ ಕ್ಲಚ್ಚೂ ಸ್ಲಿಪ್ ಹೊಡೆಯಲು ಶುರುವಾಯಿತು. ಯಾಕಂದರೆ ಗೇರ್‌ಬಾಕ್ಸ್ ಇಳಿದಿದ್ದಾಗ ಕ್ರ್ಯಾಂಕ್‌ಶಾಫ್ಟಿನ ಹಿಂದಿನ ಆಯಿಲ್ ಸೀಲ್ (ಎಂಜಿನ್ ಆಯಿಲ್ ಹೊರಗೆ ಬರದಂತೆ ತಡೆಯುವ ರಬ್ಬರ್ ಉಂಗುರ) ಬದಲಿಸಿರಲಿಲ್ಲ.

ಇದನ್ನು ಬಿಡಿಸಿ ಹೇಳುತ್ತೇನೆ, ನನ್ನ ದುಡ್ಡು ಹೋಗಿದ್ದು ಇಲ್ಲೇ. ಗೇರ್‌ಬಾಕ್ಸ್ ಕೆಳಗಿಟ್ಟಾಗ ನಾನು ಪಕ್ಕದಲ್ಲೇ ನಿಂತಿದ್ದೆ. ಬೆಲ್ ಹೌಸಿಂಗ್ (ಕ್ಲಚ್ ಸುತ್ತ ಇರುವ ಗಂಟೆಯಾಕಾರದ ಕವಚ) ಒಳಗೆ ಕಪ್ಪು ಪೇಸ್ಟ್ ಥರ ಏನೋ ಮೆತ್ತಿಕೊಂಡಿತ್ತು. ಬೆರಳಿಟ್ಟು ನೋಡಿದೆ, ಅಂಟಿತು. ಮೆಕ್ಯಾನಿಕ್ "ಹಳೆ ಗಾಡಿ ಅಲ್ವಾ, ಇಷ್ಟಾದರೂ ಇರುತ್ತೆ" ಅಂತ ಬಟ್ಟೆಯಲ್ಲಿ ಒರೆಸಿದರು. ಪ್ಲೇಟ್ ಸವೆದ ಧೂಳು ಅಂದುಕೊಂಡು ನಾನೂ ಸುಮ್ಮನಾದೆ. ಅಲ್ಲೇ ತಪ್ಪಿದ್ದು. ಸವೆದ ಪ್ಲೇಟಿನ ಧೂಳು ಒಣಗಿರುತ್ತೆ, ತಟ್ಟಿದರೆ ಉದುರುತ್ತೆ. ಬೆರಳಿಗೆ ಅಂಟಿತು ಅಂದರೆ ಅದರಲ್ಲಿ ಆಯಿಲ್ ಸೇರಿದೆ ಅಂತಲೇ ಅರ್ಥ. ಎಲ್ಲಿಂದ ಬಂತು ಅಂತ ಹುಡುಕದೆ ಮೇಲೆ ಹೊಸ ಪ್ಲೇಟ್ ಕೂರಿಸಿದರೆ ಅದೂ ಆಯಿಲ್ ಕುಡಿಯುತ್ತೆ.

ಆ ಸೀಲ್ ಫ್ಲೈವೀಲ್ (ಕ್ಲಚ್ ಕೂರುವ ಭಾರದ ಚಕ್ರ) ಹಿಂದೆ ಕೂತಿರುತ್ತೆ. ಅದನ್ನು ಮುಟ್ಟಬೇಕಾದರೆ ಡ್ರೈವ್‌ಶಾಫ್ಟ್ ಬಿಚ್ಚಬೇಕು, ಗೇರ್‌ಬಾಕ್ಸ್ ಇಳಿಸಬೇಕು, ಕ್ಲಚ್ ತೆಗೆಯಬೇಕು, ಫ್ಲೈವೀಲ್ ತೆಗೆಯಬೇಕು. ಅವತ್ತು ಇಷ್ಟರಲ್ಲಿ ಬಾಕಿ ಇದ್ದದ್ದು ಫ್ಲೈವೀಲಿನ ಬೋಲ್ಟುಗಳು ಮಾತ್ರ! ಸೆಟ್ಟಿನ ಮುಂದೆ ಸೀಲಿನ ಬೆಲೆ ಏನೇನೂ ಅಲ್ಲ. ಅದನ್ನು ಬಿಟ್ಟಿದ್ದಕ್ಕೆ ಎರಡನೇ ಸಲ ಪೂರ್ತಿ ಕೂಲಿ ಕೊಟ್ಟೆ, ಜೊತೆಗೆ ಇನ್ನೊಂದು ಪ್ಲೇಟ್.

ಎರಡನೇ ಸಲ ಬಿಚ್ಚಿದಾಗ ಪ್ಲೇಟಿನ ಲೈನಿಂಗ್ (ಉಜ್ಜುವ ಮೇಲ್ಪದರ) ದಪ್ಪ ಹಾಗೇ ಇತ್ತು, ಸವೆದೇ ಇರಲಿಲ್ಲ. ಆದರೆ ಮೈಯೆಲ್ಲ ಗಾಜಿನಂತೆ ಹೊಳೆಯುತ್ತಿತ್ತು. ಪೆಟ್ರೋಲಿನಲ್ಲಿ ತೊಳೆದು ಸ್ಯಾಂಡ್ ಪೇಪರ್ ಹಾಕಿ ಕೊಡುತ್ತೇವೆ ಅಂದರು, ನಾನು ಒಪ್ಪಲಿಲ್ಲ. ನೀವೂ ಒಪ್ಪಬೇಡಿ. ಲೈನಿಂಗ್ ಒಳಗೆ ಇಳಿದ ಆಯಿಲ್ ಬಿಸಿಯಾದಾಗ ಮತ್ತೆ ಮೇಲೆ ಬರುತ್ತೆ. ಹಳೆ ಸೀಲ್ ಕಿತ್ತು ಕೈಗೆ ಕೊಟ್ಟರು. ಮೆತ್ತಗಿರಬೇಕಾದ ರಬ್ಬರ್ ಒಣಗಿ ಗಟ್ಟಿಯಾಗಿತ್ತು, ಉಗುರಿನಲ್ಲಿ ಅಂಚು ಬಗ್ಗಿಸಿದರೆ ಚೂರಾಗಿ ಬಂತು. ಶಾಫ್ಟ್ ಮೇಲೆ ಸೀಲ್ ಉಜ್ಜಿದ ಸಣ್ಣ ಗೆರೆಯೂ ಬಿದ್ದಿತ್ತು. ಅದಕ್ಕೆ ಹೊಸ ಸೀಲನ್ನು ಹಳೆಯ ಜಾಗಕ್ಕಿಂತ ಕೂದಲೆಳೆಯಷ್ಟು ಹೊರಗೆ ಕೂರಿಸಿದರು, ಅಂಚು ಆ ಗೆರೆಯ ಮೇಲೆ ಬರದ ಹಾಗೆ. ಎಂಜಿನ್ನಿನ ಬ್ರೀದರ್ ಪೈಪೂ ಕಟ್ಟಿಕೊಂಡಿತ್ತು. ಅದು ಕಟ್ಟಿದರೆ ಒಳಗಿನ ಒತ್ತಡ ಹೆಚ್ಚಿ ಆಯಿಲ್ ಸೀಲಿನ ಕಡೆಗೇ ನುಗ್ಗುತ್ತೆ. ಅದನ್ನೂ ಬಿಡಿಸಿ ಕ್ಲೀನ್ ಮಾಡಿಸಿ.

ಹಾಗಾಗಿ ನಿಮ್ಮ ಪ್ರಶ್ನೆಯೇ ಸರಿಯಿಲ್ಲ ಅನ್ನುವುದು ನನ್ನ ಅಭಿಪ್ರಾಯ, ಬೇಜಾರು ಮಾಡಿಕೊಳ್ಳಬೇಡಿ. ಕ್ಲಚ್ ಯಾಕೆ ಹೋಯಿತು ಅಂತ ಮೊದಲು ಕೇಳಿ. ಪ್ಲೇಟ್ ಸವೆದು ರಿವೆಟ್ ಕಾಣುತ್ತಿದ್ದರೆ ಅದರ ಆಯಸ್ಸು ಮುಗಿದಿದೆ. ಲೈನಿಂಗ್ ಇದ್ದೂ ಜಾರುತ್ತಿದ್ದರೆ ಆಯಿಲ್ ಹುಡುಕಿ. ಬೆಲ್ ಹೌಸಿಂಗಿನಲ್ಲಿ ಇರುವುದು ಕಪ್ಪಾದ ಎಂಜಿನ್ ಆಯಿಲ್ ಆದರೆ ಕ್ರ್ಯಾಂಕ್ ಸೀಲ್ ಹೋಗಿದೆ. ಗಂಧಕದ ನಾತ ಹೊಡೆಯುತ್ತಿದ್ದರೆ ಅದು ಗೇರ್ ಆಯಿಲ್, ಗೇರ್‌ಬಾಕ್ಸಿನ ಇನ್‌ಪುಟ್ ಶಾಫ್ಟ್ ಸೀಲ್ ನೋಡಿ.

ಗೇರ್‌ಬಾಕ್ಸ್ ಇಳಿಸುವ ಮುಂಚೆ ಕ್ಲಚ್ ಕೇಬಲ್ ಒಮ್ಮೆ ನೋಡಿ. 800ರಲ್ಲಿ ಕ್ಲಚ್ ಕೇಬಲ್ಲಿನಲ್ಲೇ ನಡೆಯುವುದು. ಪೆಡಲ್ ಮೇಲ್ಗಡೆ ಸ್ವಲ್ಪ ಸಡಿಲ ಆಡಬೇಕು. ಆಡದಿದ್ದರೆ ಬೇರಿಂಗ್ ಸದಾ ಒತ್ತಿಕೊಂಡೇ ಇರುತ್ತೆ, ಒಳ್ಳೆ ಕ್ಲಚ್ಚೂ ಜಾರುತ್ತೆ. ಗೇರ್‌ಬಾಕ್ಸ್ ಕಡೆಯ ನಟ್ ಸಡಿಲಿಸಿ ಓಡಿಸಿ ನೋಡಿ. ಸರಿಹೋದರೆ ಖರ್ಚೇ ಇಲ್ಲ.

ಇಳಿಸಲೇಬೇಕಾದರೆ ಸೆಟ್ಟೇ ಹಾಕಿಸಿ, ಜೊತೆಗೆ ಸೀಲ್. ಪ್ಲೇಟ್ ಒಂದೇ ಸಾಕು ಅನ್ನುವವರು ಕೂಲಿ ಲೆಕ್ಕ ಹಾಕುವುದಿಲ್ಲ. ನಾಳೆ ಬೇರಿಂಗ್ ಕೂಗಿದರೆ ಮತ್ತೆ ಅಷ್ಟನ್ನೂ ಬಿಚ್ಚಬೇಕು. 2014ರಲ್ಲಿ 800 ತಯಾರಿ ನಿಂತರೂ ಈ ಮಾಲು ಸಿಗುತ್ತೆ. ಆದರೆ ಹಳೆ ಪ್ಲೇಟ್ ಕೈಯಲ್ಲಿ ಹಿಡಿದುಕೊಂಡೇ ಅಂಗಡಿಗೆ ಹೋಗಿ, ಅಗಲ, ನಡುವಿನ ತೂತಿನೊಳಗಿನ ಸ್ಪ್ಲೈನಿನ ಹಲ್ಲು ಎರಡೂ ಹೋಲಿಸಿ ತನ್ನಿ. ಫ್ಲೈವೀಲ್ ಮೇಲೆ ನೀಲಿ ಕಲೆ, ಬಿರುಕು ಇದ್ದರೆ ಲೇತ್ ಅಂಗಡಿಯಲ್ಲಿ ತೋರಿಸಿ.

ಕೂರಿಸುವಾಗ ನೀವು ಅಲ್ಲೇ ಇರಿ. ಧೂಳಿಗೆ ಏರ್ ಹೊಡೆಯಲು ಬಿಡಬೇಡಿ, ಹಳೆ ಲೈನಿಂಗಿನಲ್ಲಿ ಆಸ್ಬೆಸ್ಟಾಸ್ ಇರಬಹುದು. ಒದ್ದೆ ಬಟ್ಟೆಯಲ್ಲಿ ಒರೆಸಲಿ. ಹೊಸ ಪ್ರೆಶರ್ ಪ್ಲೇಟಿಗೆ ತುಕ್ಕು ಹಿಡಿಯದಿರಲಿ ಅಂತ ಸವರಿರುವ ಎಣ್ಣೆಯನ್ನು ಪೂರ್ತಿ ತೆಗೆಯಲಿ. ಪ್ಲೇಟಿನ ಸ್ಪ್ರಿಂಗ್ ಉಬ್ಬಿರುವ ಬದಿ ಪ್ರೆಶರ್ ಪ್ಲೇಟ್ ಕಡೆಗೆ ಬರಬೇಕು. ಸೆಂಟರ್ ಮಾಡುವ ಟೂಲ್ ಹಾಕಿಯೇ ಬೋಲ್ಟ್ ಬಿಗಿಯಬೇಕು, ಎದುರುಬದುರಾಗಿ, ಸ್ವಲ್ಪ ಸ್ವಲ್ಪವೇ. ಗೇರ್‌ಬಾಕ್ಸ್ ಭಾರ ಒಂದು ಕ್ಷಣವೂ ಪ್ಲೇಟಿನ ಮೇಲೆ ಜೋತು ಬೀಳಬಾರದು, ಪ್ಲೇಟಿನ ನಡುಭಾಗದ ಹಬ್ ಸೊಟ್ಟಗಾಗುತ್ತೆ. ಗೇರ್ ಆಯಿಲ್ ತುಂಬಿಸಿದರಾ ಅಂತ ನೀವೇ ಕೇಳಿ.

ಬಿಚ್ಚಿದಾಗ ಬೆಲ್ ಹೌಸಿಂಗ್ ಒಳಗಿನದು, ಹಳೆ ಪ್ಲೇಟಿನ ಎರಡೂ ಬದಿಯದು ಫೋಟೋ ತೆಗೆದು ಇಲ್ಲಿ ಹಾಕಿ. ಸೀಲಿನ ಕಥೆ ಏನು ಅಂತ ನೋಡಿ ಹೇಳುತ್ತೇನೆ.