ಹಿಂದಿನ ಸೀಟಿಗೆ ಸ್ಕ್ರೀನ್: ವೈರ್ ಎಲ್ಲಿಂದ, ಫ್ಯೂಸ್ ಎಷ್ಟು?

ರಜೆ ಹತ್ತಿರ ಬಂತೆಂದರೆ ಈ ಅಂಕಣಕ್ಕೆ ಬರುವ ಪತ್ರಗಳಲ್ಲಿ ಮಕ್ಕಳ ಸ್ಕ್ರೀನಿನದೇ ಸದ್ದು. ಒಂದೇ ಬಗೆಯ ಪ್ರಶ್ನೆಗಳನ್ನು ಒಟ್ಟು ಮಾಡಿ ಇಲ್ಲಿ ಉತ್ತರಿಸಿದ್ದೇವೆ.

ನಮ್ಮದು ಐದು ಸೀಟಿನ ಹ್ಯಾಚ್‌ಬ್ಯಾಕ್. 5 ಮತ್ತು 9 ವರ್ಷದ ಇಬ್ಬರು ಮಕ್ಕಳು. ರೂಫಿನಿಂದ ಇಳಿಯುವ ಸ್ಕ್ರೀನ್ ಹಾಕಿಸಲೇ, ಹೆಡ್‌ರೆಸ್ಟಿನದೇ, ಇಲ್ಲ ಟ್ಯಾಬ್ ಸಾಕೇ? (ಹಾಸನ)

ಹ್ಯಾಚ್‌ಬ್ಯಾಕಿಗೆ ರೂಫ್ ಸ್ಕ್ರೀನ್ ಬೇಡ. ಅದನ್ನು ಇಳಿಸಿದರೆ ಒಳಗಿನ ಕನ್ನಡಿಯಲ್ಲಿ ಹಿಂದಿನ ಗಾಜು ಮರೆಯಾಗುತ್ತದೆ. ಕರ್ಟನ್ ಏರ್‌ಬ್ಯಾಗ್ ಇರುವ ಗಾಡಿಯಲ್ಲಂತೂ ಬಾಗಿಲ ಮೇಲಂಚಿನ ರೂಫ್ ಲೈನಿಂಗ್ ಹಿಂದೆ ಏರ್‌ಬ್ಯಾಗ್ ಮಡಚಿಕೊಂಡು ಕೂತಿರುತ್ತದೆ. ಅದರ ಮುಂದೆ ಹಾದುಹೋದ ವೈರ್ ಅದು ಬಿಚ್ಚಿಕೊಳ್ಳುವಾಗ ಅಡ್ಡ ಬರುತ್ತದೆ. ಮೂರು ಸಾಲಿನ ದೊಡ್ಡ ಗಾಡಿಗೆ ರೂಫ್ ಸ್ಕ್ರೀನ್ ಒಪ್ಪುತ್ತದೆ, ಆದರೆ ಸನ್‌ರೂಫಾಗಲಿ ರೂಫಿನ ಎಸಿ ಕಿಂಡಿಗಳಾಗಲಿ ಇದ್ದರೆ ಅಲ್ಲೂ ಜಾಗ ಸಿಗುವುದು ಕಷ್ಟ.

ಒಳಗೇ ಸ್ಕ್ರೀನ್ ಕೂರಿಸಿದ ರೆಡಿಮೇಡ್ ಹೆಡ್‌ರೆಸ್ಟ್ ಮಾರುತ್ತಾರೆ, ಕಂಪನಿಯದನ್ನು ತೆಗೆದು ಇದನ್ನು ಹಾಕುತ್ತಾರೆ. ಅದಕ್ಕೆ ಒಪ್ಪಬೇಡಿ. ಹಿಂದಿನಿಂದ ಗುದ್ದಿದಾಗ ಕತ್ತು ಹಿಂದಕ್ಕೆ ಬಾಗದಂತೆ ತಡೆಯುವುದೇ ಹೆಡ್‌ರೆಸ್ಟ್. ಅದರ ಎತ್ತರ, ಮೆದು, ಸರಳುಗಳ ಗಟ್ಟಿತನ ಎಲ್ಲವನ್ನೂ ಆ ಸೀಟಿಗೆಂದೇ ಲೆಕ್ಕ ಹಾಕಿರುತ್ತಾರೆ.

ನಿಮಗೆ ಸರಿಹೋಗುವುದು ಹೆಡ್‌ರೆಸ್ಟಿನ ಎರಡು ಸರಳುಗಳಿಗೆ ಹಿಂದಿನಿಂದ ಬಿಗಿಯುವ 10 ಇಂಚಿನ ಸ್ಕ್ರೀನ್. ಕೊಳ್ಳುವ ಮುಂಚೆ ಸರಳುಗಳ ನಡುವಿನ ಅಂತರವನ್ನೂ ಸರಳಿನ ದಪ್ಪವನ್ನೂ ಅಳೆದು, ಡಬ್ಬದ ಮೇಲಿನ ಅಳತೆಯೊಂದಿಗೆ ಹೋಲಿಸಿ. ಕೆಲವು ಗಾಡಿಗಳಲ್ಲಿ ಹೆಡ್‌ರೆಸ್ಟ್ ಸೀಟಿಗೇ ಕೂಡಿಕೊಂಡಿರುತ್ತದೆ, ಸರಳೇ ಇರುವುದಿಲ್ಲ. ಅಲ್ಲಿ ಬೆಲ್ಟ್ ಸುತ್ತಿ ಕಟ್ಟುವ ಹೋಲ್ಡರ್ ಒಂದೇ ದಾರಿ.

ಟ್ಯಾಬ್ ಅಗ್ಗ, ವೈರಿನ ಗೋಜಿಲ್ಲ. ಆದರೆ ಬಿಸಿಲಿಗೆ ನಿಂತ ಗಾಡಿಯೊಳಗೆ ಬಿಟ್ಟರೆ ಅದರ ಲಿಥಿಯಂ ಬ್ಯಾಟರಿ ಉಬ್ಬುತ್ತದೆ, ಇಳಿಯುವಾಗ ತೆಗೆದುಕೊಂಡೇ ಹೋಗಬೇಕು. ಹೋಲ್ಡರ್ ಸಡಿಲವಿದ್ದರೆ ಅಪಾಯವೂ ಇದೆ. 50 ಕಿ.ಮೀ. ವೇಗದ ಗಾಡಿ ಗುದ್ದಿ 0.1 ಸೆಕೆಂಡಿನಲ್ಲಿ ನಿಂತರೆ, ಅರ್ಧ ಕಿಲೋ ಟ್ಯಾಬ್ 7 ಕಿಲೋ ಭಾರದ ಬಲದಿಂದ ಕಿತ್ತುಕೊಳ್ಳುತ್ತದೆ. ಮ್ಯಾಗ್ನೆಟ್ ಹೋಲ್ಡರ್‌ಗಳು ಅದನ್ನು ತಡೆಯಲಾರವು. ನಾಲ್ಕೂ ಮೂಲೆ ಹಿಡಿಯುವ, ಸ್ಕ್ರೂ ಬಿಗಿಯುವ ಹೋಲ್ಡರನ್ನೇ ಕೊಳ್ಳಿ.

ಎರಡು ಹೆಡ್‌ರೆಸ್ಟ್ ಸ್ಕ್ರೀನ್ ತಂದಿದ್ದೇನೆ. ವೈರಿಂಗ್ ನಾನೇ ಮಾಡಿಕೊಳ್ಳಬಹುದೇ? ಏನೇನು ಬೇಕು? (ದಾವಣಗೆರೆ)

ಮಲ್ಟಿಮೀಟರ್ ಹಿಡಿದು ಅಭ್ಯಾಸವಿದ್ದರೆ ಒಂದು ಭಾನುವಾರದ ಕೆಲಸ. ಇಲ್ಲದಿದ್ದರೆ ಆಟೋ ಎಲೆಕ್ಟ್ರಿಷಿಯನ್‌ಗೆ ಕೊಡಿ, ಆದರೆ ಮುಂದಿನ ಸಾಲುಗಳನ್ನು ಓದಿಕೊಂಡು ಪಕ್ಕದಲ್ಲೇ ನಿಂತಿರಿ.

ಮೊದಲು ಲೆಕ್ಕ. 10 ಇಂಚಿನ ಸ್ಕ್ರೀನ್ ಒಂದಕ್ಕೆ ಸಾಮಾನ್ಯವಾಗಿ 12ರಿಂದ 18 ವ್ಯಾಟ್, ಅಂದರೆ 12 ವೋಲ್ಟಿಗೆ 1ರಿಂದ 1.5 ಆಂಪ್. ಎರಡಕ್ಕೆ 3 ಆಂಪ್. 5 ಆಂಪ್ ಫ್ಯೂಸ್ ಸಾಕು. ಸುಟ್ಟುಹೋಯಿತೆಂದು 15 ಆಂಪಿನದು ಹಾಕಬೇಡಿ. ಫ್ಯೂಸ್ ಇರುವುದು ವೈರ್ ಬೆಂಕಿ ಹಿಡಿಯದಿರಲಿ ಎಂದು, ಸ್ಕ್ರೀನನ್ನು ಕಾಯಲು ಅಲ್ಲ.

ಬೇಕಾದವು: 1 ಚದರ ಮಿ.ಮೀ. ತಾಮ್ರದ ಆಟೋ ವೈರ್ ಕೆಂಪು, ಕಪ್ಪು ತಲಾ 6 ಮೀಟರ್; ನಿಮ್ಮ ಫ್ಯೂಸ್ ಬಾಕ್ಸಿನ ಅಳತೆಗೆ ಹೊಂದುವ ಫ್ಯೂಸ್ ಟ್ಯಾಪ್, ಅಂದರೆ ಹಳೆಯ ಫ್ಯೂಸಿನ ಜಾಗದಲ್ಲಿ ಚುಚ್ಚಿ, ಹಳೆಯದರ ಜತೆಗೆ ಹೊಸ ಫ್ಯೂಸನ್ನೂ ಕೂರಿಸಿ ಸ್ಕ್ರೀನಿಗೆ ಕರೆಂಟ್ ತೆಗೆಯುವ ಪಿನ್ನು, ಒಂದು (ಮಿನಿ, ಲೋ ಪ್ರೊಫೈಲ್, ಮೈಕ್ರೋ ಎಂದು ಬೇರೆ ಬೇರೆ ಇವೆ; ಹಳೆಯ ಫ್ಯೂಸೊಂದನ್ನು ಜೇಬಿನಲ್ಲಿಟ್ಟುಕೊಂಡೇ ಅಂಗಡಿಗೆ ಹೋಗಿ); ರಿಂಗ್ ಟರ್ಮಿನಲ್, ಎರಡು ಪಿನ್ನಿನ ಎರಡು ಕಪ್ಲರ್, ಹೀಟ್ ಶ್ರಿಂಕ್ ಕೊಳವೆ (ಬಿಸಿ ಮಾಡಿದರೆ ಕುಗ್ಗಿ ವೈರನ್ನು ಬಿಗಿಯುವಂಥದು), ಬಟ್ಟೆ ಟೇಪ್, ಕೇಬಲ್ ಟೈ, ಪ್ಲಾಸ್ಟಿಕ್ ಟ್ರಿಮ್ ಎಬ್ಬಿಸುವ ಮೀಟು.

ಕೀ ತೆಗೆದಾಗ ಸೊನ್ನೆ, ಎಸಿಸಿಗೆ (ಎಂಜಿನ್ ಹತ್ತದೆ ಸ್ಟೀರಿಯೋ ಓಡುವ ಕೀ ಸ್ಥಾನ) ತಿರುಗಿಸಿದಾಗ 12 ವೋಲ್ಟ್ ಬರುವ ಫ್ಯೂಸನ್ನು ಮಲ್ಟಿಮೀಟರಿನಿಂದ ಹುಡುಕಿ. ಆಡಿಯೋ ಅಥವಾ ಪವರ್ ಸಾಕೆಟ್ಟಿನ ಫ್ಯೂಸ್ ಒಳ್ಳೆಯದು. ಏರ್‌ಬ್ಯಾಗ್, ಎಬಿಎಸ್, ಪವರ್ ಸ್ಟೀರಿಂಗ್, ಇಸಿಯು (ಎಂಜಿನ್ ಕಂಪ್ಯೂಟರ್) ಫ್ಯೂಸುಗಳ ಹತ್ತಿರ ಹೋಗಬೇಡಿ. ಜಾಗ ಗೊತ್ತಾದ ಮೇಲೆ ಕೀ ತೆಗೆದು, ಬ್ಯಾಟರಿಯ ನೆಗೆಟಿವ್ ಕಳಚಿ, 5 ನಿಮಿಷ ಬಿಟ್ಟು ಕೈ ಹಾಕಿ. ಏರ್‌ಬ್ಯಾಗ್ ಯೂನಿಟ್ಟಿನ ಕೆಪಾಸಿಟರ್ ಖಾಲಿಯಾಗಲು ಅಷ್ಟು ಹೊತ್ತು ಬೇಕು.

ಟ್ಯಾಪನ್ನು ತಿರುಗುಮುರುಗಾಗಿ ಚುಚ್ಚುವುದು ಎಲ್ಲರೂ ಮಾಡುವ ತಪ್ಪು. ಸ್ಕ್ರೀನ್ ಆಗಲೂ ಹತ್ತುತ್ತದೆ, ಹಾಗಾಗಿ ತಪ್ಪು ಗೊತ್ತಾಗುವುದೇ ಇಲ್ಲ. ಸ್ಕ್ರೀನಿನ ಕರೆಂಟೂ ಹಳೆಯ ಫ್ಯೂಸಿನ ಮೂಲಕವೇ ಹರಿದು, ಅದು ಎಂದೋ ಒಂದು ದಿನ ಹೋಗುತ್ತದೆ. ಪರೀಕ್ಷೆ ಸುಲಭ: ಎಲ್ಲ ಜೋಡಿಸಿ ಕೀ ಹಾಕಿದ ಮೇಲೆ, ಟ್ಯಾಪಿನಲ್ಲಿರುವ ಹಳೆಯ ಫ್ಯೂಸನ್ನು ಮಾತ್ರ ಕೀಳಿ. ಸ್ಕ್ರೀನಿನ ವೈರಿನಲ್ಲಿ ಇನ್ನೂ 12 ವೋಲ್ಟ್ ಇದ್ದರೆ ದಿಕ್ಕು ಸರಿ. ಸತ್ತುಹೋದರೆ ಟ್ಯಾಪನ್ನು ತಿರುಗಿಸಿ ಹಾಕಿ.

ವೈರನ್ನು ಬಾಗಿಲ ಬುಡದ ಪ್ಲಾಸ್ಟಿಕ್ ಪಟ್ಟಿಯೊಳಗೆ ಇಳಿಸಿ, ಕಾರ್ಪೆಟ್ಟಿನ ಅಡಿಯಿಂದ ಸೀಟಿನ ಕೆಳಗೆ ತನ್ನಿ. ಪಕ್ಕದ ಸೀಟಿಗೆ ಗೇರ್ ಕನ್ಸೋಲಿನ ಕೆಳಗಿನಿಂದ ದಾಟಿಸಿ. ಎಲ್ಲೂ ಕಾರ್ಪೆಟ್ಟಿಗೆ ಸ್ಕ್ರೂ ಹೊಡೆಯಬೇಡಿ. ಆ ತಗಡಿನ ಆಚೆ ಬದಿ ಬ್ರೇಕ್, ಪೆಟ್ರೋಲ್ ಪೈಪುಗಳು ಓಡುತ್ತವೆ. ಸೀಟಿನ ಕೆಳಗೆ ಹಳದಿ ಕಪ್ಲರ್ ಕಂಡರೆ ಅದು ಏರ್‌ಬ್ಯಾಗಿನದು: ಬಿಚ್ಚಬಾರದು, ಮಲ್ಟಿಮೀಟರ್ ಮುಳ್ಳು ಚುಚ್ಚಲೂಬಾರದು. ಸೀಟಿನ ಪಕ್ಕದಲ್ಲಿ ಏರ್‌ಬ್ಯಾಗ್ ಇದ್ದರೆ ಅದು ಬಾಗಿಲ ಕಡೆಗಿರುತ್ತದೆ, ಸ್ಕ್ರೀನಿನ ವೈರನ್ನು ಒಳಬದಿಯಿಂದ, ಅಂದರೆ ಹ್ಯಾಂಡ್‌ಬ್ರೇಕ್ ಕಡೆಯಿಂದ ಮೇಲಕ್ಕೆ ಒಯ್ಯಿರಿ.

ಸೀಟನ್ನು ಪೂರ್ತಿ ಮುಂದಕ್ಕೆ, ಪೂರ್ತಿ ಹಿಂದಕ್ಕೆ ಎಳೆದು ನೋಡಿ, ಎರಡೂ ತುದಿಯಲ್ಲಿ ವೈರ್ ಬಿಗಿಯಾಗದಂತೆ 20 ಸೆಂ.ಮೀ. ಸಡಿಲ ಬಿಡಿ. ಆ ಸಡಿಲು ಹಳಿಯ ಮೇಲೆ ಬೀಳಬಾರದು, ಸೀಟಿನ ಫ್ರೇಮಿಗೆ ಟೈ ಕಟ್ಟಿ. ಬಹುಪಾಲು ಶಾರ್ಟ್ ಆಗುವುದು ಇಲ್ಲೇ: ಹಳಿಯ ಹಲ್ಲಿಗೆ ಸಿಕ್ಕ ವೈರ್ ಆರು ತಿಂಗಳು ಸವೆದು, ಒಂದು ದಿನ ಸೀಟು ಸರಿಸಿದಾಗ ತಾಮ್ರ ತಗಡಿಗೆ ಮುಟ್ಟುತ್ತದೆ. ಕಪ್ಲರ್ ಸೀಟಿನ ಅಡಿಯಲ್ಲೇ ಇರಲಿ, ನಾಳೆ ಸೀಟು ಇಳಿಸಬೇಕಾದರೆ ವೈರ್ ಕತ್ತರಿಸುವುದು ತಪ್ಪುತ್ತದೆ.

ಅರ್ತಿಂಗನ್ನು ಬಾಡಿಯ ಬೋಲ್ಟಿಗೆ ಕೊಡಿ, ಕೆಳಗಿನ ಪೇಂಟ್ ಕೆರೆದು ಹೊಳೆಯುವ ತಗಡು ಕಾಣಬೇಕು. ಸೀಟಿನ ಬೋಲ್ಟ್, ಸೀಟ್‌ಬೆಲ್ಟಿನ ಬೋಲ್ಟ್ ಸಡಿಲಿಸಬೇಡಿ, ಅವುಗಳ ಬಿಗಿಗೆ ಲೆಕ್ಕವಿದೆ. ಬ್ಯಾಟರಿ ಜೋಡಿಸಿ, ಸ್ಕ್ರೀನ್ ಎರಡೂ ಓಡುತ್ತಿರುವಾಗ ಅರ್ತಿಂಗ್ ಬೋಲ್ಟಿಗೂ ಬ್ಯಾಟರಿ ನೆಗೆಟಿವ್‌ಗೂ ನಡುವಿನ ವೋಲ್ಟೇಜ್ ಅಳೆಯಿರಿ. 0.1ಕ್ಕಿಂತ ಕಡಿಮೆ ಬರಬೇಕು. ಹೆಚ್ಚಿದ್ದರೆ ಇನ್ನಷ್ಟು ಕೆರೆಯಿರಿ.

ವೈರ್ ತಿರುಚಿ ಇನ್ಸುಲೇಷನ್ ಟೇಪ್ ಸುತ್ತುವುದು ನಮ್ಮಲ್ಲಿ ರೂಢಿ. ಬೇಸಿಗೆಯಲ್ಲಿ ಅದರ ಗೋಂದು ಕರಗಿ ಟೇಪ್ ಬಿಚ್ಚಿಕೊಳ್ಳುತ್ತದೆ. ಬೆಸುಗೆ ಹಾಕಿ ಇಲ್ಲವೇ ಕ್ರಿಂಪ್ ಮಾಡಿ, ಮೇಲೆ ಹೀಟ್ ಶ್ರಿಂಕ್ ಹಾಕಿ. ಗಾಡಿಯ ಮೂಲ ವೈರನ್ನು ಎಲ್ಲೂ ಕೊಯ್ಯಬೇಡಿ, ವಾರಂಟಿ ತಗಾದೆ ಶುರುವಾಗುವುದೇ ಅಲ್ಲಿಂದ.

ಸ್ಕ್ರೀನ್ ಜೋಡಿಸುವಾಗ ಮುಂದಿನ ಸ್ಟೀರಿಯೋದಲ್ಲೂ ಗಾಡಿ ಓಡುತ್ತಿರುವಾಗಲೇ ವಿಡಿಯೋ ಬರುವಂತೆ ಮಾಡಿಕೊಡುತ್ತೇವೆ ಎನ್ನುತ್ತಾರೆ ಅಂಗಡಿಯವರು. (ಬೆಂಗಳೂರು, ಜೆ.ಸಿ. ರಸ್ತೆ)

ಅವರು ಮಾಡುವುದು ಇಷ್ಟೇ: ಹ್ಯಾಂಡ್‌ಬ್ರೇಕ್ ಎಳೆದಿದೆಯೇ ಎಂದು ಸ್ಟೀರಿಯೋಗೆ ತಿಳಿಸುವ ವೈರನ್ನು ನೇರ ಅರ್ತಿಂಗಿಗೆ ಕೊಡುತ್ತಾರೆ. ಗಾಡಿ ಸದಾ ನಿಂತೇ ಇದೆ ಎಂದು ಸ್ಟೀರಿಯೋ ನಂಬುತ್ತದೆ. ಬೇಡವೆನ್ನಿ. ಹಿಂದಿನ ಸ್ಕ್ರೀನ್ ಹಾಕಿಸುವುದೇ ಚಾಲಕನ ಕಣ್ಣು ರಸ್ತೆಯ ಮೇಲಿರಲಿ ಎಂದು.

ಸ್ಕ್ರೀನಿನ ಶಬ್ದವನ್ನು ಆಕ್ಸ್ ವೈರಿನಿಂದ ಗಾಡಿಯ ಸ್ಪೀಕರಿಗೆ ಕೊಟ್ಟಿದ್ದೇವೆ. ಆಕ್ಸಿಲರೇಟರ್ ಒತ್ತಿದಂತೆಲ್ಲ "ಕುಂಯ್" ಎಂಬ ಸದ್ದು ಏರುತ್ತದೆ. (ಮಂಗಳೂರು)

ಎಂಜಿನ್ ಜತೆಗೆ ಏರಿಳಿಯುವ ಕುಂಯ್‌ಗುಡುವಿಕೆ ಆಲ್ಟರ್ನೇಟರಿನದು. ಸ್ಕ್ರೀನಿನ ಅರ್ತಿಂಗ್ ಸೀಟಿನ ಹತ್ತಿರ, ಸ್ಟೀರಿಯೋದ ಅರ್ತಿಂಗ್ ಡ್ಯಾಶಿನೊಳಗೆ. ಎರಡೂ ಜಾಗದ ನಡುವಿನ ಅಲ್ಪ ವೋಲ್ಟೇಜ್ ವ್ಯತ್ಯಾಸ ಆಕ್ಸ್ ವೈರಿನ ಹೊರಕವಚದಲ್ಲಿ ಹರಿದು ಸ್ಪೀಕರಿಗೆ ಬರುತ್ತದೆ. ಸ್ಕ್ರೀನ್ ಓಡುತ್ತಿರುವಾಗಲೇ ಆಕ್ಸ್ ಪಿನ್ ಕಿತ್ತು ನೋಡಿ. ಸದ್ದು ನಿಂತರೆ ಇದೇ ಕಾರಣ. ಸ್ಕ್ರೀನಿನ ಕಪ್ಪು ವೈರನ್ನು ಸ್ಟೀರಿಯೋ ಅರ್ತಿಂಗ್ ಇರುವ ಜಾಗಕ್ಕೇ ಒಯ್ಯಿರಿ. ಅದಾಗದಿದ್ದರೆ ಆಕ್ಸ್ ವೈರಿನ ನಡುವೆ ಗ್ರೌಂಡ್ ಲೂಪ್ ಐಸೊಲೇಟರ್ ಹಾಕಿ. ಒಳಗೆ ಪುಟ್ಟ ಟ್ರಾನ್ಸ್‌ಫಾರ್ಮರ್ ಇರುವ ಡಬ್ಬಿ ಅದು, ಕೆಲವೇ ನೂರು ರೂಪಾಯಿ.

ಸ್ಕ್ರೀನಿನ ಶಬ್ದವನ್ನು ಗಾಡಿಯ ರೇಡಿಯೋಗೆ ಕಳಿಸುವ ಎಫ್‌ಎಂ ಟ್ರಾನ್ಸ್‌ಮಿಟರ್ ಬಳಸುವವರಿಗೂ ಒಂದು ಮಾತು. ಬೆಂಗಳೂರಿನಲ್ಲಿ 91.1, 93.5, 98.3, 101.3, 102.9 ಎಲ್ಲ ನಿಲಯಗಳದೇ; ಖಾಲಿ ಜಾಗ ಹುಡುಕಿದರೂ ಊರು ದಾಟಿದ ಮೇಲೆ ಅಲ್ಲಿ ಬೇರೊಂದು ನಿಲಯ ಎದುರಾಗಬಹುದು. ಮಕ್ಕಳಿಗೆ ಹೆಡ್‌ಫೋನೇ ವಾಸಿ, ಮುಂದೆ ಕೂತವರಿಗೂ ನೆಮ್ಮದಿ. ಇನ್‌ಫ್ರಾರೆಡ್ ಹೆಡ್‌ಫೋನ್ ಆದರೆ ನೇರ ಬಿಸಿಲು ಬಿದ್ದಾಗ, ಮಗು ಪಕ್ಕಕ್ಕೆ ತಿರುಗಿದಾಗ ಶಬ್ದ ಕಡಿದುಹೋಗುತ್ತದೆ. ಬ್ಲೂಟೂತ್‌ನದು ಕೊಳ್ಳಿ, 85 ಡೆಸಿಬಲ್‌ಗೆ ಮಿತಿ ಇರುವ ಮಕ್ಕಳ ಹೆಡ್‌ಫೋನ್ ಆಗಿರಲಿ.

ಪೆನ್‌ಡ್ರೈವಿನಲ್ಲಿ ಹಾಕಿದ ಕೆಲವು ಸಿನಿಮಾಗಳಿಗೆ ಚಿತ್ರ ಬರುತ್ತದೆ, ಮಾತಿಲ್ಲ. ಕೆಲವು ತೆರೆಯುವುದೇ ಇಲ್ಲ. ಫೋನಿನಿಂದ ಎಚ್‌ಡಿಎಂಐ ಕೊಟ್ಟರೆ ಕಪ್ಪು ಪರದೆ. (ಶಿವಮೊಗ್ಗ)

ಇಲ್ಲಿ ಮೂರು ಬೇರೆ ಬೇರೆ ರೋಗಗಳಿವೆ. ಮಾತಿಲ್ಲದ ಫೈಲಿನ ಶಬ್ದ ಡಾಲ್ಬಿ ಅಥವಾ ಡಿಟಿಎಸ್ ಬಗೆಯದು. ಅಗ್ಗದ ಸ್ಕ್ರೀನಿಗೆ ಅದರ ಪರವಾನಗಿ ಇರುವುದಿಲ್ಲ. ತೆರೆಯದ ಫೈಲು ಬಹುಶಃ ಎಚ್.265 ಎಂಬ ಬಗೆಯಲ್ಲಿ ಒತ್ತಿಟ್ಟ ಚಿತ್ರ, ಅದನ್ನು ನಿಮ್ಮ ಸ್ಕ್ರೀನ್ ಓದಲಾರದು. ಕಂಪ್ಯೂಟರಿನಲ್ಲಿ ಎಚ್.264 ಚಿತ್ರ, ಎಎಸಿ ಶಬ್ದ, ಎಂಪಿ4 ಮಾಡಿ ಹಾಕಿ. 720ಪಿ ಸಾಕು, 10 ಇಂಚಿನಲ್ಲಿ ಅದಕ್ಕಿಂತ ಹೆಚ್ಚಿನದು ಕಣ್ಣಿಗೆ ತಿಳಿಯದು. ಪೆನ್‌ಡ್ರೈವನ್ನು ಫ್ಯಾಟ್32 ಬಗೆಯಲ್ಲಿ ಫಾರ್ಮ್ಯಾಟ್ ಮಾಡಿದ್ದರೆ ಒಂದೊಂದು ಫೈಲೂ 4 ಜಿಬಿಯೊಳಗಿರಬೇಕು.

ಫೋನಿನ ಕಥೆ ಬೇರೆ. ಟೈಪ್‌ಸಿ ಕಿಂಡಿ ಇದ್ದ ಮಾತ್ರಕ್ಕೆ ಚಿತ್ರ ಹೊರಬರುವುದಿಲ್ಲ. ಮಧ್ಯಮ ಬೆಲೆಯ ಬಹಳಷ್ಟು ಫೋನುಗಳ ಕಿಂಡಿಗೆ ಆ ಸೌಲಭ್ಯವೇ ಇಲ್ಲ, ಯಾವ ಕೇಬಲ್ ತಂದರೂ ಅಷ್ಟೇ. ಫೋಟೊ ಕಾಣುತ್ತದೆ, ಒಟಿಟಿ ಆ್ಯಪ್ ಮಾತ್ರ ಕಪ್ಪು ಎಂದಾದರೆ, ನಡುವಿನ ಅಡಾಪ್ಟರ್ ಎಚ್‌ಡಿಸಿಪಿ ನಕಲುತಡೆಗೆ ಒಪ್ಪುತ್ತಿಲ್ಲ. ಆಂಡ್ರಾಯ್ಡ್ ಸ್ಕ್ರೀನ್ ಕೊಳ್ಳುವವರು ಒಟಿಟಿಗಳ ನಕಲುತಡೆಯಾದ ವೈಡ್‌ವೈನ್‌ನ ಎಲ್1 ಮಟ್ಟ ಇದೆಯೇ ಎಂದು ಕೇಳಿ. ಎಲ್3 ಆದರೆ ಬಹುತೇಕ ಒಟಿಟಿಗಳಲ್ಲಿ ಚಿತ್ರ 480ಪಿಗೇ ನಿಲ್ಲುತ್ತದೆ.

ಚಿಕ್ಕಮಗಳೂರಿನಿಂದ ಧರ್ಮಸ್ಥಳಕ್ಕೆ ಹೋಗುವಾಗ ಸ್ಕ್ರೀನ್ ನೋಡುತ್ತಿದ್ದ ಮಗಳು ಘಾಟಿಯಲ್ಲಿ ವಾಂತಿ ಮಾಡಿಕೊಳ್ಳುತ್ತಾಳೆ. ಸ್ಕ್ರೀನ್ ಎತ್ತರ ಬದಲಿಸಿದರೆ ಸರಿಹೋಗುತ್ತದೆಯೇ? (ಚಿಕ್ಕಮಗಳೂರು)

ಒಳಗಿವಿ "ತಿರುಗುತ್ತಿದ್ದೇವೆ" ಎನ್ನುತ್ತದೆ, ಸ್ಕ್ರೀನಿಗೆ ನೆಟ್ಟ ಕಣ್ಣು "ಕೂತಲ್ಲೇ ಇದ್ದೇವೆ" ಎನ್ನುತ್ತದೆ. ಈ ಜಗಳವೇ ವಾಂತಿ. ಸ್ಕ್ರೀನನ್ನು ಕಣ್ಣಿನ ಮಟ್ಟಕ್ಕೆ ಎತ್ತರಿಸಿದರೆ ನೇರ ರಸ್ತೆಯಲ್ಲಿ ಗುಣ ಕಾಣುತ್ತದೆ. ತೊಡೆಯ ಮೇಲಿನ ಟ್ಯಾಬ್ ಎಲ್ಲಕ್ಕಿಂತ ಕೆಟ್ಟದ್ದು. ಚಾರ್ಮಾಡಿಯ ತಿರುವುಗಳಿಗೆ ಮಾತ್ರ ಯಾವ ಎತ್ತರವೂ ಉಪಯೋಗವಿಲ್ಲ. ಕೊಟ್ಟಿಗೆಹಾರದಲ್ಲಿ ಆಫ್ ಮಾಡಿ, ಘಟ್ಟ ಇಳಿದ ಮೇಲೆ ಹಾಕಿ. ನಡುವೆ ಕಥೆ ಕೇಳಿಸಿ, ಗಾಜು ಒಂದಿಷ್ಟು ಇಳಿಸಿ.

10 ದಿನ ಊರಿನಲ್ಲಿರಲಿಲ್ಲ. ಬಂದು ನೋಡಿದರೆ 35 ಎಎಚ್ (ಆಂಪ್-ಅವರ್) ಬ್ಯಾಟರಿ ಡೆಡ್. ಸ್ಕ್ರೀನ್ ಆಫ್ ಇದ್ದರೂ 150 ಮಿಲಿಆಂಪ್ ಎಳೆಯುತ್ತಿದೆ ಎಂದರು ಮೆಕ್ಯಾನಿಕ್. (ಮೈಸೂರು)

ಲೆಕ್ಕ ತಾಳೆಯಾಗುತ್ತದೆ: 0.15 ಆಂಪ್, ದಿನಕ್ಕೆ 24 ಗಂಟೆ, 10 ದಿನಕ್ಕೆ 36 ಎಎಚ್. ನಿಮ್ಮ ಸ್ಕ್ರೀನಿನ ಹಳದಿ ವೈರ್ ಸದಾ ಕರೆಂಟ್ ಇರುವ ಕಡೆಗೆ ಹೋಗಿದೆ, ಅದು ಒಳಗೇ ಅರೆನಿದ್ದೆಯಲ್ಲಿದೆ. ಹಳದಿಯನ್ನೂ ಕೆಂಪಿನ ಜತೆ ಎಸಿಸಿಗೇ ಕೊಡಿಸಿ. ಪ್ರತಿ ಸಲ ಹತ್ತಿಕೊಳ್ಳಲು ಅರ್ಧ ನಿಮಿಷ ಹೆಚ್ಚು ಹಿಡಿಯುತ್ತದೆ, ಅಷ್ಟೆ.

ಸರಿಹೋಗಿದೆಯೇ ನೋಡಲು ನೆಗೆಟಿವ್ ವೈರ್ ಕಳಚಿ, ಮೀಟರನ್ನು 10 ಆಂಪಿನಲ್ಲಿಟ್ಟು ಆ ವೈರಿಗೂ ಬ್ಯಾಟರಿಯ ನೆಗೆಟಿವ್‌ಗೂ ನಡುವೆ ಜೋಡಿಸಿ, ಬಾಗಿಲು ಹಾಕಿ ಅರ್ಧ ಗಂಟೆ ಬಿಡಿ. ಗಾಡಿಯ ಕಂಪ್ಯೂಟರುಗಳು ಮಲಗಿದ ಮೇಲೆ 50 ಮಿಲಿಆಂಪಿನ ಒಳಗೆ ಬರಬೇಕು. ಮೀಟರ್ ಜೋಡಿಸಿರುವಾಗ ಸ್ಟಾರ್ಟ್ ಮಾಡಬೇಡಿ, ಅದರ ಫ್ಯೂಸ್ ಹಾರುತ್ತದೆ. ಆದರೂ ಹೆಚ್ಚು ತೋರಿಸಿದರೆ ವೈರನ್ನು ಇಲಿ ಕಡಿದಿದೆಯೇ ನೋಡಿಸಿ. ಮೈಮೇಲೆ ಹೊದಿಕೆಯಿಲ್ಲದ ಹೊಸ ವೈರೆಂದರೆ ಅವಕ್ಕೆ ಭಾರೀ ಪ್ರೀತಿ.

ಎಲೆಕ್ಟ್ರಿಕ್ ಕಾರಿಗೆ ಹಾಕಿಸಬಹುದೇ? ರೇಂಜ್ ಕಡಿಮೆಯಾಗುತ್ತದೆಯೇ? (ಹುಬ್ಬಳ್ಳಿ)

ಹಾಕಿಸಬಹುದು. ಎಲೆಕ್ಟ್ರಿಕ್ ಕಾರಿನಲ್ಲೂ ದೀಪ, ಸ್ಟೀರಿಯೋಗಳಿಗೆ 12 ವೋಲ್ಟಿನ ಚಿಕ್ಕ ಬ್ಯಾಟರಿ ಇರುತ್ತದೆ, ಮೇಲೆ ಹೇಳಿದ ಫ್ಯೂಸ್ ಟ್ಯಾಪಿನ ಕ್ರಮವೇ ಅಲ್ಲಿಗೂ. ಕಿತ್ತಳೆ ಬಣ್ಣದ ಕೇಬಲ್ ಹೈ ವೋಲ್ಟೇಜಿನದು, ಅದರ ಹತ್ತಿರ ಕೈ ಸುಳಿಯಬಾರದು. ನಿಂತಾಗ ಬರೀ ಎಸಿಸಿಯಲ್ಲಿಟ್ಟು ನೋಡಿದರೆ ಚಿಕ್ಕ ಬ್ಯಾಟರಿ ಖಾಲಿಯಾಗಿ, ದೊಡ್ಡದು ತುಂಬಿದ್ದರೂ ಗಾಡಿ ಏಳುವುದಿಲ್ಲ. ಗಾಡಿ ಓಡಲು ಸಿದ್ಧ ಎಂದು ತೋರಿಸುವ ರೆಡಿ ದೀಪ ಹತ್ತಿರುವಾಗಲೇ ನೋಡಿ. ಇನ್ನು ರೇಂಜ್: ಎರಡು ಸ್ಕ್ರೀನಿಗೆ 30 ವ್ಯಾಟ್, 5 ಗಂಟೆಗೆ 0.15 ಯೂನಿಟ್. ಹುಬ್ಬಳ್ಳಿಯಿಂದ ಹೊರಟು ಐದು ಗಂಟೆ ಮಕ್ಕಳು ಕಣ್ಣು ಕೀಳದೆ ನೋಡಿದರೂ ಕಳೆಯುವುದು ಸುಮಾರು ಒಂದು ಕಿಲೋಮೀಟರ್.